ಬೀದರ ಸೀಮೆಯ ಎರಡು ಮಣ್ಣುಗಳು: ಸುಣ್ಣ, ಗೊಬ್ಬರ ಮತ್ತು ಅವನ್ನು ಕುರಿತ ಬರಹಗಳ ವಿಮರ್ಶೆ

೧

ಒಂದು ನಾಡಿನ ಚರಿತ್ರೆಯನ್ನು ಬರೆಯುವವರು ಅರಸರ ವಂಶಾವಳಿ, ಕೋಟೆಕೊತ್ತಲ, ಶಾಸನ, ಕಂದಾಯ ಇವುಗಳನ್ನು ಕುರಿತು ವಿಚಾರ ಮಾಡುವಷ್ಟು ಆ ನಾಡಿನ ಮಣ್ಣನ್ನು ಕುರಿತು ಮಾಡುವುದಿಲ್ಲ. ಬೀದರದ ಮಟ್ಟಿಗಂತೂ ಈ ಮಾತು ಪೂರ್ಣವಾಗಿ ಸತ್ಯ. ಬೀದರದ ಇತಿಹಾಸವನ್ನೂ ಸ್ಮಾರಕಗಳನ್ನೂ ಕುರಿತು ಗುಲಾಂ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ನಮ್ಮ ಆಧಾರಗ್ರಂಥವಾಗಿದೆ. ಅದು ಕಟ್ಟಡಗಳ ಗ್ರಂಥವಾದುದರಿಂದ ಹೊಲದ ವಿಚಾರವನ್ನು ಅದರಿಂದ ಅಪೇಕ್ಷಿಸುವುದು ನ್ಯಾಯವಾಗದು. ಆದರೆ ಹೊಲದ ಮಣ್ಣನ್ನು ಕುರಿತ ಬರಹಗಳು ಬೇರೆ ಇವೆ. ಪ್ರವಾಸಿಗಳ ದಿನಚರಿ, ಸರ್ಕಾರದ ವರದಿ, ಕೃಷಿ ವಿಜ್ಞಾನಿಗಳ ಗ್ರಂಥ, ಈಚಿನ ಮಣ್ಣು ಪರೀಕ್ಷೆಯ ಚೀಟಿ ಇವೆಲ್ಲವೂ ಐತಿಹಾಸಿಕ ದಾಖಲೆಗಳೇ. ಇವು ವಿಜ್ಞಾನದವರಿಗೆ ಸೇರಿದವೆಂದು ನಾವು ಬದಿಗಿರಿಸಿದ್ದೇವೆ. ಶಾಸನವೊಂದನ್ನು ಪರೀಕ್ಷಿಸುವಾಗ ನಾವು ಕೇಳುವ ಪ್ರಶ್ನೆಗಳನ್ನು ಇವುಗಳಿಗೆ ಕೇಳಿಲ್ಲ. ಬರೆದವನು ಯಾರು, ಎಲ್ಲಿ ನಿಂತು ನೋಡಿದನು, ಯಾವ ಪ್ರಯೋಜನಕ್ಕಾಗಿ ಬರೆದನು, ಯಾವುದನ್ನು ಬಿಟ್ಟನು ಎಂಬ ಪ್ರಶ್ನೆಗಳು ಇಲ್ಲಿಯೂ ಸಲ್ಲುತ್ತವೆ.

ಅಂತಹ ಕೆಲವು ಬರಹಗಳನ್ನು ಬೀದರ, ಭಾಲ್ಕಿ ಮತ್ತು ಔರಾದ ಸೀಮೆಯ ನೆಲದ ಮೇಲೆ ಇಟ್ಟು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಗೊಬ್ಬರ ಮತ್ತು ಸುಣ್ಣ ಮಣ್ಣಿನ ಮೇಲೆ ಮಾಡುವ ಪರಿಣಾಮವನ್ನು ಕುರಿತು ಇವು ಏನು ಹೇಳಿವೆ, ಅದು ಈ ನೆಲಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಇಲ್ಲಿಯ ವಿಚಾರ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಮಣ್ಣಿನಲ್ಲಿ ಎಷ್ಟು ಸಾರವಿದೆ, ಅದಕ್ಕೆ ಇನ್ನೆಷ್ಟು ಸೇರಿಸಬೇಕು ಎಂಬ ಲೆಕ್ಕವೇ ಈ ಬರಹಗಳಲ್ಲಿ ಪ್ರಧಾನವಾಗಿ, ಸೇರಿಸಿದ ಸಾರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಆ ಮಣ್ಣಿಗೆ ಎಷ್ಟಿದೆ ಎಂಬ ಪ್ರಶ್ನೆ ಹಿಂದೆ ಬಿದ್ದಿದೆ. ಒಂದೇ ಜಿಲ್ಲೆಯೊಳಗೆ ಈ ಶಕ್ತಿ ಎರಡು ವಿರುದ್ಧ ರೀತಿಗಳಲ್ಲಿ ವರ್ತಿಸುವ ಬೀದರ ಸೀಮೆಯಲ್ಲಿ ಈ ಲೋಪದ ಫಲವನ್ನು ಒಕ್ಕಲಿಗನು ತನ್ನ ಹಣದಿಂದ ತೆರುತ್ತಾನೆ.

೨

ಬೀದರ ನಗರವಿರುವುದು ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ. ಕೆಳಗೆ ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಅದರ ಮೇಲೆ ಹೊದಿಸಿದಂತೆ ಜಂಬಿಟ್ಟಿಗೆಯ ಪದರ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ ಶಹನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕೋಟೆಯ ಕಂದಕವನ್ನು ಕಡಿದುದು ಈ ಜಂಬಿಟ್ಟಿಗೆಯಲ್ಲಿಯೇ. ನಗರದ ಸುತ್ತಣ ಹೊಲಗಳ ಕೆಂಪು ಮಣ್ಣು ಈ ಪದರ ಸವೆದು ಆದದ್ದು. ಪ್ರಸ್ಥಭೂಮಿಯಿಂದ ಇಳಿದು ಭಾಲ್ಕಿ, ಔರಾದಗಳ ಕಡೆಗೆ ನಡೆದರೆ ಮಣ್ಣಿನ ಬಣ್ಣ ಬದಲಾಗುತ್ತದೆ. ಅಲ್ಲಿ ಬಹುಭಾಗ ಬಸಾಲ್ಟಿನಿಂದಾದ ಎರೆ ಭೂಮಿ. ಆದರೆ ಈ ಗಡಿ ತಾಲ್ಲೂಕಿನ ಗಡಿಯನ್ನು ಅನುಸರಿಸುವುದಿಲ್ಲ. ದಿಬ್ಬದ ಮೇಲೆ ಕೆಂಪು, ಇಳಿಜಾರಿನಲ್ಲಿ ಮಿಶ್ರ, ತಗ್ಗಿನಲ್ಲಿ ಕಪ್ಪು ಎಂಬಂತೆ ಒಂದೇ ಊರಿನ ಸೀಮೆಯೊಳಗೆ ಎರಡೂ ಮಣ್ಣುಗಳು ಕಾಣಸಿಗುವುದುಂಟು.

ಈ ಜಂಬಿಟ್ಟಿಗೆಯ ಸ್ವಭಾವಕ್ಕೆ ಇತಿಹಾಸದಲ್ಲಿಯೇ ಒಂದು ಸಾಕ್ಷ್ಯವಿದೆ. ಬೀದರದ ನೌಬಾದಿನಲ್ಲಿರುವ ಕರೇಜ್ ಎಂಬ ಸುರಂಗ ಕಾಲುವೆ ಬಹಮನಿಯರ ಕಾಲದ ಜಲವ್ಯವಸ್ಥೆ. ಪರ್ಷಿಯಾ ದೇಶದ ಪದ್ಧತಿಯನ್ನು ಅನುಸರಿಸಿದ್ದು. ರಂಧ್ರಮಯವಾದ ಜಂಬಿಟ್ಟಿಗೆಯ ಮೂಲಕ ಮಳೆಯ ನೀರು ಸಲೀಸಾಗಿ ಕೆಳಗಿಳಿದು, ಅಡಿಯ ಗಟ್ಟಿ ಪದರಕ್ಕೆ ತಾಗಿ ನಿಲ್ಲುತ್ತದೆ. ಆ ನೀರನ್ನು ಸಂಗ್ರಹಿಸಿ ಹರಿಸುವುದಕ್ಕೆ ಸುರಂಗವನ್ನು ತೋಡಿದರು. ನೀರನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುವ ನೆಲ, ನೀರಿನಲ್ಲಿ ಕರಗಿದುದನ್ನೂ ಅದರೊಡನೆ ಬಿಟ್ಟುಕೊಡುತ್ತದೆ ಎಂಬುದನ್ನು ನಾವು ಗಮನಿಸಬೇಕು. ಜಂಬಿಟ್ಟಿಗೆಯೇ ಹೀಗೆ ತೊಳೆದುಹೋದುದರ ಶೇಷ. ದೀರ್ಘಕಾಲದ ಮಳೆಯಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂ ಮತ್ತು ಸಿಲಿಕದ ಬಹುಭಾಗ ಬಸಿದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದುಕೊಂಡಿವೆ.

ಇನ್ನೊಂದು ಸಾಕ್ಷ್ಯ ಬಿದರಿ ಕಲೆಯದು. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕಪ್ಪು ಬಣ್ಣ ಬರಿಸುವುದಕ್ಕೆ ಕುಶಲಕರ್ಮಿಗಳು ನವಸಾಗರದೊಡನೆ ಕೋಟೆಯ ಮಣ್ಣನ್ನು ಬೆರೆಸುತ್ತಾರೆ. ಎಲ್ಲ ಮಣ್ಣೂ ಈ ಕೆಲಸಕ್ಕೆ ಬರುವುದಿಲ್ಲ. ಬಹುಕಾಲ ಬಿಸಿಲು ಮಳೆಗಳು ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣೇ ಬೇಕೆಂದು ಅವರು ಹೇಳುತ್ತಾರೆ. ಆ ಮಣ್ಣಿನಲ್ಲಿ ನೈಟ್ರೇಟಿನಂಥ ಲವಣಗಳು ಉಳಿದುಕೊಂಡಿರುವುದೇ ಇದಕ್ಕೆ ಕಾರಣವೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಈ ವಿವರಣೆಯನ್ನು ಒಪ್ಪಿದರೆ, ಮಾಡಿನ ಕೆಳಗಿನ ಮಣ್ಣಿಗೂ ಬಯಲಿನ ಮಣ್ಣಿಗೂ ಇರುವ ಅಂತರ ಮಳೆ ತೊಳೆದು ಒಯ್ದುದರ ಅಳತೆಯೇ ಆಗುತ್ತದೆ. ಮಣ್ಣು ಸಾರವನ್ನು ಕಳೆದುಕೊಳ್ಳುತ್ತದೆ ಎಂಬ ಅರಿವು ಬೀದರದ ಕುಶಲಕರ್ಮಿಗೆ ತನ್ನ ಕಸುಬಿನ ಮೂಲಕವೇ ದೊರೆತಿತ್ತು.

೩

ಮುಂದಿನ ವಿಚಾರಕ್ಕೆ ಅಗತ್ಯವಾದಷ್ಟು ರಸಾಯನಶಾಸ್ತ್ರವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕಾಗಿದೆ. ಜೇಡಿಯ ಕಣಗಳ ಮೇಲೂ, ಕೊಳೆತ ಸಾವಯವ ವಸ್ತುವಾದ ಹ್ಯೂಮಸ್ಸಿನ ಮೇಲೂ ಋಣ ವಿದ್ಯುದಂಶವಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಮೋನಿಯಂ ಮೊದಲಾದ ಧನ ಅಯಾನುಗಳು ಈ ಕಣಗಳಿಗೆ ಅಂಟಿಕೊಂಡಿದ್ದು, ಬೇರು ಬೇಡಿದಾಗ ಬಿಡುಗಡೆಯಾಗುತ್ತವೆ. ಹೀಗೆ ಹಿಡಿದಿಡುವ ಶಕ್ತಿಯನ್ನು ಅಯಾನು ವಿನಿಮಯ ಸಾಮರ್ಥ್ಯವೆಂದು ಕರೆಯುತ್ತಾರೆ. ಕೆಂಪು ಮಣ್ಣಿನ ಮುಖ್ಯ ಜೇಡಿಯಾದ ಕೆಯೊಲಿನೈಟಿನಲ್ಲಿ ಇದು ಕಿಲೋಗ್ರಾಮಿಗೆ ಸುಮಾರು ೩ರಿಂದ ೧೫ ಸೆಂಟಿಮೋಲ್. ಎರೆ ಮಣ್ಣಿನ ಜೇಡಿಯಾದ ಸ್ಮೆಕ್ಟೈಟಿನಲ್ಲಿ ೮೦ರಿಂದ ೧೨೦. ಹ್ಯೂಮಸ್ಸಿನಲ್ಲಿ ೨೦೦ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದು ಚೀಲ ಗೊಬ್ಬರವನ್ನು ಎರಡು ಹೊಲಗಳಿಗೆ ಸಮನಾಗಿ ಹಂಚಿದರೂ ಒಂದರ ಕಣಜ ಕಿರಿದು, ಇನ್ನೊಂದರದು ಹಿರಿದು.

ಎರಡು ಮಣ್ಣುಗಳಿಗೆ ಇನ್ನೊಂದು ವ್ಯತ್ಯಾಸವೂ ಉಂಟು. ಎರೆ ಮಣ್ಣಿನ ಜೇಡಿಯ ವಿದ್ಯುದಂಶ ಬಹುಮಟ್ಟಿಗೆ ಸ್ಥಿರವಾದದ್ದು. ಕೆಂಪು ಮಣ್ಣಿನಲ್ಲಿ, ವಿಶೇಷವಾಗಿ ಆಕ್ಸೈಡುಗಳ ಮೇಲೆ, ಅದು ಮಣ್ಣಿನ ಹುಳಿಯನ್ನು ಅವಲಂಬಿಸಿ ಏರಿಳಿಯುತ್ತದೆ. ಹುಳಿ ಹೆಚ್ಚಿದಂತೆ, ಅಂದರೆ ರಸಸಾರ ಇಳಿದಂತೆ, ಹಿಡಿಯುವ ಶಕ್ತಿ ಕುಗ್ಗುತ್ತದೆ. ಸುಣ್ಣ ಹಾಕಿ ರಸಸಾರವನ್ನು ಏರಿಸಿದರೆ ಅದು ಹೆಚ್ಚುತ್ತದೆ. ಆದುದರಿಂದ ಹುಳಿಯಾದ ಕೆಂಪು ಮಣ್ಣಿಗೆ ಸುಣ್ಣ ಹಾಕುವುದೆಂದರೆ ಕ್ಯಾಲ್ಸಿಯಂ ಸೇರಿಸುವುದಷ್ಟೇ ಆಗದೆ, ಕಣಜವನ್ನೇ ಸ್ವಲ್ಪ ಹಿಗ್ಗಿಸಿದಂತೆಯೂ ಆಗುತ್ತದೆ. ಬೇರನ್ನು ಸುಡುವ ಅಲ್ಯೂಮಿನಿಯಂ ಅಡಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂಗಳು ಕಟ್ಟಿಹಾಕಿದ್ದ ರಂಜಕದ ಒಂದಂಶ ಬೆಳೆಗೆ ದೊರೆಯುತ್ತದೆ. ಆದರೆ ಮಿತಿ ಮೀರಿದರೆ ಸತು, ಬೋರಾನ್, ಮ್ಯಾಂಗನೀಸುಗಳು ಬೆಳೆಗೆ ಸಿಗದಂತಾಗುತ್ತವೆ. ಸೇರಿಸಿದ ಕ್ಯಾಲ್ಸಿಯಂ ಪೊಟ್ಯಾಸಿಯಮ್ಮನ್ನು ಕಣದಿಂದ ತಳ್ಳಿ ಹೊರಗೆ ಹಾಕುವುದೂ ಉಂಟು.

ನೈಟ್ರೇಟಿನ ಮಾತು ಬೇರೆ. ಅದು ಋಣ ಅಯಾನು. ಜೇಡಿ ಅದನ್ನು ಹಿಡಿಯಲಾರದು. ಯೂರಿಯಾ ಅಥವಾ ಅಮೋನಿಯಂ ಸಲ್ಫೇಟನ್ನು ಹೊಲಕ್ಕೆ ಹಾಕಿದಾಗ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ, ಈ ಮಾರ್ಪಾಟಿನಲ್ಲಿ ಆಮ್ಲ ಹುಟ್ಟುತ್ತದೆ. ಬೆಳೆ ಹೀರದೆ ಬಿಟ್ಟ ನೈಟ್ರೇಟು ಮಳೆಯ ನೀರಿನೊಡನೆ ಇಳಿಯುವಾಗ ಒಂಟಿಯಾಗಿ ಹೋಗದೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಜೊತೆಗೆ ಒಯ್ಯುತ್ತದೆ. ೧೦೦ ಕಿಲೋಗ್ರಾಂ ಅಮೋನಿಯಂ ಸಲ್ಫೇಟಿನಿಂದ ಹುಟ್ಟುವ ಹುಳಿಯನ್ನು ಅಡಗಿಸಲು ಸುಮಾರು ೧೧೦ ಕಿಲೋಗ್ರಾಂ, ಅಷ್ಟೇ ಯೂರಿಯಾಕ್ಕೆ ಸುಮಾರು ೮೦ ಕಿಲೋಗ್ರಾಂ ಸುಣ್ಣಕಲ್ಲಿನ ಪುಡಿ ಬೇಕೆಂದು ಲೆಕ್ಕ ಹಾಕಿದ್ದಾರೆ. ಸಾರವನ್ನು ಸೇರಿಸುವ ಕ್ರಿಯೆಯೇ, ಎಚ್ಚರವಿಲ್ಲದಿದ್ದರೆ, ಕೆಂಪು ಮಣ್ಣಿನ ಹಿಡಿಯುವ ಶಕ್ತಿಯನ್ನು ಕುಗ್ಗಿಸಬಲ್ಲುದು.

ಭಾಲ್ಕಿ, ಔರಾದಗಳ ಎರೆಯಲ್ಲಿ ಈ ಕಥೆ ಹೀಗೆ ನಡೆಯುವುದಿಲ್ಲ. ಆ ಮಣ್ಣಿನಲ್ಲಿ ಸುಣ್ಣ ಮೊದಲೇ ಇದೆ. ಉಳುವಾಗ ಮೇಲೆ ಬರುವ ಬಿಳಿಯ ಹರಳುಗಳ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ನೊರೆಯುಕ್ಕುತ್ತದೆ. ಇಂಥ ಹರಳನ್ನು ಸುಟ್ಟು ಗಾರೆಗೆ ಸುಣ್ಣ ಮಾಡುವ ರೂಢಿ ದಖ್ಖನ್ನಿನಲ್ಲಿತ್ತು. ಅಂಥ ಹೊಲಕ್ಕೆ ಸುಣ್ಣ ಹಾಕುವುದು ವ್ಯರ್ಥ. ಅಲ್ಲಿ ನಷ್ಟದ ದಾರಿಗಳು ಬೇರೆ: ನೆಲದ ಮೇಲೆ ಚೆಲ್ಲಿದ ಯೂರಿಯಾ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ, ರಂಜಕ ಕ್ಯಾಲ್ಸಿಯಂನೊಡನೆ ಕೂಡಿ ಗಟ್ಟಿಯಾಗುತ್ತದೆ, ಸತು, ಕಬ್ಬಿಣಗಳು ಮಣ್ಣಿನಲ್ಲಿದ್ದೂ ಬೆಳೆಗೆ ಎಟುಕದೆ ಎಲೆ ಹಳದಿಯಾಗುತ್ತದೆ. ಕೆಂಪು ನೆಲದಲ್ಲಿ ಸಾರ ಸೋರಿಹೋಗುವ ಭಯ. ಎರೆಯಲ್ಲಿ ಸಾರ ಬೀಗ ಹಾಕಿಕೊಂಡು ಕೂಡುವ ಭಯ.

೪

ಈ ಹಿನ್ನೆಲೆಯಲ್ಲಿ ಬರಹಗಳನ್ನು ಪರೀಕ್ಷಿಸೋಣ. ಮೊದಲನೆಯದು ಫ್ರಾನ್ಸಿಸ್ ಬುಕಾನನ್ನನದು. ಟಿಪ್ಪುವಿನ ಪತನಾನಂತರ ೧೮೦೦-೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ೧೮೦೭ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಆತನು ಜಂಬಿಟ್ಟಿಗೆಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗೆ ಮೆದುವಾಗಿದ್ದು ಕಡಿಯುವುದಕ್ಕೆ ಸುಲಭವಾಗಿರುವ ಈ ವಸ್ತು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು ಆತನು ಹೀಗೆ ಕರೆದನು. ನಮ್ಮ ‘ಜಂಬಿಟ್ಟಿಗೆ’ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇದೆ.

ಬುಕಾನನ್ನನ ವೀಕ್ಷಣೆ ನಿರ್ದುಷ್ಟವಾದದ್ದು. ಆತನನ್ನು ಆಕ್ಷೇಪಿಸುವ ಕಾರಣವಿಲ್ಲ. ಆಕ್ಷೇಪಣೆ ಏನಿದ್ದರೂ ಆ ಹೆಸರನ್ನು ಅನಂತರ ಬಳಸಿದ ರೀತಿಗೆ. ಕಟ್ಟಡದ ಕಲ್ಲಿಗೆ ಇಟ್ಟ ಹೆಸರು ಕಾಲಕ್ರಮದಲ್ಲಿ ಬೇಸಾಯದ ಮಣ್ಣಿನ ಹೆಸರಾಯಿತು. ‘ಲ್ಯಾಟರೈಟ್ ಮಣ್ಣು ಆಮ್ಲೀಯವಾದದ್ದು, ಸುಣ್ಣ ಬೇಡುವಂಥದ್ದು’ ಎಂಬ ಒಂದು ಸಾಲು ಭೂಗೋಳದ ಪಾಠಗಳಲ್ಲಿ ನೆಲೆನಿಂತಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುವ ಕರಾವಳಿಗೆ ಆ ಸಾಲು ಒಪ್ಪುತ್ತದೆ. ಬೀದರದಲ್ಲಿ ಬೀಳುವ ಮಳೆ ಸುಮಾರು ೮೫೦ರಿಂದ ೯೦೦ ಮಿಲಿಮೀಟರು. ಇಲ್ಲಿಯ ಜಂಬಿಟ್ಟಿಗೆ ಇಂದಿಗಿಂತ ತೇವವಾಗಿದ್ದ ಪ್ರಾಚೀನ ಯುಗವೊಂದರಲ್ಲಿ ಆದದ್ದು. ಇಂದಿನ ಹವೆಯಲ್ಲಿ ಅದರ ಮೇಲಿನ ಹೊಲಗಳೆಲ್ಲವೂ ಕರಾವಳಿಯ ಮಣ್ಣಿನಷ್ಟು ಹುಳಿಯಾಗಿರಬೇಕೆಂಬ ನಿಯಮವಿಲ್ಲ. ಹುಳಿಯಿಲ್ಲದ ಕೆಂಪು ಹೊಲಕ್ಕೆ ಹೆಸರನ್ನು ನಂಬಿ ಸುಣ್ಣ ಹಾಕಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಹಿಡಿಯುವ ಶಕ್ತಿ ಕಡಮೆ ಎಂಬುದು ಎರಡು ಕಡೆಗೂ ಸಮಾನವಾದ ಲಕ್ಷಣ. ಹುಳಿ ಸಮಾನವಾದ ಲಕ್ಷಣವಲ್ಲ. ಈ ಎರಡನ್ನು ಬೇರ್ಪಡಿಸದೆ ಒಂದೇ ಹೆಸರಿನಲ್ಲಿ ಕಟ್ಟಿರುವುದು ನಮ್ಮ ಪಾಠಗಳ ದೋಷ.

೫

ಎರಡನೆಯದು ಜಾನ್ ಆಗಸ್ಟಸ್ ವೋಲ್ಕರರ ವರದಿ. ಇಂಗ್ಲೆಂಡಿನ ರಾಜಮನ್ನಣೆಯ ಕೃಷಿ ಸಂಘದ ರಸಾಯನ ತಜ್ಞರಾಗಿದ್ದ ಅವರು ೧೮೮೯ರ ಕೊನೆಯಲ್ಲಿ ಭಾರತಕ್ಕೆ ಬಂದು ಒಂದು ವರ್ಷಕ್ಕೂ ಮೀರಿ ಸಂಚರಿಸಿದರು; ಭಾರತದ ಬೇಸಾಯದ ಸುಧಾರಣೆಯನ್ನು ಕುರಿತ ಅವರ ವರದಿ ೧೮೯೩ರಲ್ಲಿ ಪ್ರಕಟವಾಯಿತು. ಭಾರತದ ಒಕ್ಕಲಿಗನನ್ನು ಅಜ್ಞಾನಿಯೆಂದು ಹಳಿಯುವುದು ರೂಢಿಯಾಗಿದ್ದ ಕಾಲದಲ್ಲಿ ಅವನ ಕೌಶಲ್ಯವನ್ನು ಮುಕ್ತವಾಗಿ ಮೆಚ್ಚಿದ ಈ ವರದಿಯ ಘನತೆಯನ್ನು ಯಾರೂ ಅಲ್ಲಗಳೆಯಲಾರರು. ಸೌದೆಯ ಅಭಾವದಿಂದ ಸಗಣಿಯನ್ನು ಕುಳ್ಳು ತಟ್ಟಿ ಸುಡುವುದರಿಂದ ಹೊಲಕ್ಕೆ ಗೊಬ್ಬರ ತಪ್ಪುತ್ತಿದೆ, ಸೌದೆ ಮೇವುಗಳಿಗಾಗಿ ಮರ ಬೆಳೆಸಬೇಕು ಎಂಬ ಅವರ ವಾದ ಬೀದರ ಸೀಮೆಗೂ ಸಲ್ಲುವಂಥದ್ದು.

ಆದರೆ ಆ ವರದಿಯಿಂದ ಮುಂದಿನ ಆಡಳಿತಕ್ಕೂ ಪಾಠಪುಸ್ತಕಗಳಿಗೂ ಇಳಿದುಬಂದದ್ದು ಗೊಬ್ಬರದ ಕೊರತೆಯ ಮಾತು ಮಾತ್ರ. ಕೊರತೆಯಿದ್ದರೆ ಹೊರಗಿನಿಂದ ತಂದು ತುಂಬಬೇಕು ಎಂಬ ತರ್ಕ ಅದರಿಂದ ಸಹಜವಾಗಿ ಹುಟ್ಟಿತು. ೧೯೦೬ರಲ್ಲಿ ರಾಣಿಪೇಟೆಯಲ್ಲಿ ಸೂಪರ್‌ಫಾಸ್ಫೇಟಿನ ಕಾರ್ಖಾನೆ, ೧೯೫೧ರಲ್ಲಿ ಸಿಂದ್ರಿಯಲ್ಲಿ ಅಮೋನಿಯಂ ಸಲ್ಫೇಟಿನ ಕಾರ್ಖಾನೆ ಇವೆಲ್ಲ ಈ ತರ್ಕದ ದಾರಿಯಲ್ಲಿಯೇ ಬಂದವು. ವಿಚಾರ ಮಾಡಬೇಕಾದದ್ದೇನೆಂದರೆ, ಮಣ್ಣಿನ ಹಿಡಿಯುವ ಶಕ್ತಿ ವೋಲ್ಕರರ ಕಾಲಕ್ಕೆ ಅಜ್ಞಾತವಾಗಿರಲಿಲ್ಲ. ೧೮೫೦ರಲ್ಲಿಯೇ ಇಂಗ್ಲೆಂಡಿನ ಜೆ. ಟಿ. ವೇ ಎಂಬವರು ಅಮೋನಿಯಂ ಲವಣದ ದ್ರಾವಣವನ್ನು ಮಣ್ಣಿನ ಮೂಲಕ ಹಾಯಿಸಿ, ಮಣ್ಣು ಅಮೋನಿಯಮ್ಮನ್ನು ಹಿಡಿದುಕೊಂಡು ಅದಕ್ಕೆ ಬದಲಾಗಿ ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುತ್ತದೆಂದು ತೋರಿಸಿದ್ದರು. ಒಂದನ್ನು ಕೊಟ್ಟರೆ ಇನ್ನೊಂದು ಹೊರಡುತ್ತದೆ ಎಂಬ ಈ ವಿನಿಮಯದ ತತ್ತ್ವ ವಿದ್ವಾಂಸರ ಪತ್ರಿಕೆಗಳಲ್ಲಿ ಉಳಿಯಿತು. ಕೊರತೆಯ ಲೆಕ್ಕ ಸರ್ಕಾರದ ಕಡತಗಳಿಗೆ ಸೇರಿತು. ಆಡಳಿತಕ್ಕೆ ಸುಲಭವಾಗಿ ಎಣಿಸಬರುವುದು ಚೀಲ; ವಿನಿಮಯವನ್ನು ಎಣಿಸುವುದು ಸುಲಭವಲ್ಲ.

ಈ ಒಲವು ಇನ್ನೂ ಅಳಿದಿಲ್ಲ. ೨೦೧೦ರಲ್ಲಿ ಪೋಷಕಾಂಶಗಳನ್ನು ಆಧರಿಸಿದ ಸಹಾಯಧನ ಪದ್ಧತಿಯನ್ನು ಜಾರಿಗೆ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು, ಅದರ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುವ ಕ್ರಮವನ್ನು ಉಳಿಸಿಕೊಂಡರು. ಇದರಿಂದ ರಂಜಕ, ಪೊಟ್ಯಾಷುಗಳ ಎದುರಿಗೆ ಯೂರಿಯಾ ಅಗ್ಗವಾಗಿ ಕಂಡಿತು. ಅಗ್ಗವಾದುದನ್ನು ಹೆಚ್ಚಾಗಿ ಬಳಸುವುದು ಸಹಜ. ಎರೆಯ ಒಕ್ಕಲಿಗನಿಗೆ ಇದರಿಂದ ಆಗುವ ನಷ್ಟ ಒಂದು ಬಗೆ. ಕೆಂಪು ನೆಲದವನಿಗೆ ಆಗುವ ನಷ್ಟ ಇನ್ನೊಂದು ಬಗೆ ಮತ್ತು ಹೆಚ್ಚು ದೀರ್ಘವಾದದ್ದು.

೬

ಈ ತರ್ಕವನ್ನು ಬಲವಾಗಿ ವಿರೋಧಿಸಿದವರು ಆಲ್ಬರ್ಟ್ ಹೋವರ್ಡರು. ೧೯೨೪ರಿಂದ ೧೯೩೧ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಕೆಲಸ ಮಾಡಿ ಇಂದೋರ್ ಪದ್ಧತಿಯೆಂದು ಪ್ರಸಿದ್ಧವಾದ ಕಾಂಪೋಸ್ಟಿನ ವಿಧಾನವನ್ನು ರೂಪಿಸಿದರು. ೧೯೪೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರಾಸಾಯನಿಕ ಗೊಬ್ಬರದ ಮೇಲಿನ ಅತಿಭಕ್ತಿಯನ್ನು ಖಂಡಿಸಿದರು. ಹ್ಯೂಮಸ್ಸೇ ಫಲವತ್ತತೆಯ ತಳಹದಿ ಎಂಬ ಅವರ ಸಿದ್ಧಾಂತದ ಬಹುಭಾಗವನ್ನು ಮೇಲೆ ಹೇಳಿದ ಅಂಕಿಗಳೇ ಸಮರ್ಥಿಸುತ್ತವೆ. ಕೆಯೊಲಿನೈಟಿನ ಕಿರಿಯ ಕಣಜವುಳ್ಳ ಕೆಂಪು ನೆಲದಲ್ಲಿ ಸ್ವಲ್ಪ ಹ್ಯೂಮಸ್ಸೂ ಹಿಡಿಯುವ ಶಕ್ತಿಯನ್ನು ಗಣನೀಯವಾಗಿ ಹೆಚ್ಚಿಸಬಲ್ಲುದು.

ಆದರೆ ಇಲ್ಲಿಯೂ ಬರೆದವರು ಎಲ್ಲಿ ನಿಂತು ನೋಡಿದರೆಂಬ ಪ್ರಶ್ನೆಯನ್ನು ಕೇಳಬೇಕು. ಇಂದೋರು ಮಾಳವದ ಎರೆ ಭೂಮಿ; ಔರಾದದ ಹೊಲಗಳಂತೆಯೇ ಬಸಾಲ್ಟಿನಿಂದಾದದ್ದು. ಅಲ್ಲಿ ಸುಣ್ಣ ಮಣ್ಣಿನ ಜೊತೆಗೇ ಬಂದಿರುವುದರಿಂದ ಹುಳಿಯ ಸಮಸ್ಯೆ ಅಲ್ಲಿ ನಡೆಸಿದ ಪ್ರಯೋಗಗಳಲ್ಲಿ ಮುಖ್ಯವಾಗುವುದಕ್ಕೆ ಆಸ್ಪದವಿಲ್ಲ. ಕಾಂಪೋಸ್ಟನ್ನು ಸರ್ವಮಣ್ಣಿಗೂ ಏಕೈಕ ಔಷಧಿಯೆಂದು ಸಾರುವ ಇಂದಿನ ಹೋವರ್ಡರ ಅನುಯಾಯಿಗಳು ಇದನ್ನು ಮರೆಯಬಾರದು. ಎರೆಯಲ್ಲಿ ಪಡೆದ ಅನುಭವವನ್ನು ಜಂಬಿಟ್ಟಿಗೆಗೆ ಹಾಗೆಯೇ ಒಯ್ಯುವುದೂ, ಮಲಬಾರಿನ ಹೆಸರನ್ನು ಬೀದರಕ್ಕೆ ಒಯ್ಯುವುದೂ ಒಂದೇ ಬಗೆಯ ತಪ್ಪು.

೭

ಸ್ಥಳದ ಪ್ರಶ್ನೆ ಎಷ್ಟು ಮುಖ್ಯವೆಂಬುದನ್ನು ನಮ್ಮ ದೇಶದ ದೀರ್ಘಕಾಲಿಕ ಪ್ರಯೋಗಗಳು ಸ್ಪಷ್ಟಪಡಿಸಿವೆ. ೧೯೭೦ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರಂಭಿಸಿದ ಯೋಜನೆಯ ಅನ್ವಯ ರಾಂಚಿಯ ಹುಳಿಯಾದ ಕೆಂಪು ಮಣ್ಣಿನಲ್ಲಿಯೂ, ಜಬಲ್ಪುರದ ಎರೆ ಮಣ್ಣಿನಲ್ಲಿಯೂ ಸೋಯಾ ಅವರೆ ಮತ್ತು ಗೋಧಿಯ ಬೆಳೆಸರದಿಯನ್ನಿಟ್ಟು ದಶಕಗಳ ಕಾಲ ಪರೀಕ್ಷಿಸಿದ್ದಾರೆ. ರಾಂಚಿಯಲ್ಲಿ ಸಾರಜನಕವೊಂದನ್ನೇ ವರ್ಷವರ್ಷವೂ ಹಾಕಿದ ತುಂಡುಗಳಲ್ಲಿ ಹುಳಿ ಹೆಚ್ಚಿ ಇಳುವರಿ ಕುಸಿಯಿತು. ಮೂರು ಪೋಷಕಾಂಶಗಳೊಡನೆ ಸುಣ್ಣವನ್ನಾಗಲಿ ಕೊಟ್ಟಿಗೆ ಗೊಬ್ಬರವನ್ನಾಗಲಿ ಕೂಡಿಸಿದಲ್ಲಿ ಇಳುವರಿ ನಿಂತಿತು. ಜಬಲ್ಪುರದಲ್ಲಿ ರಸಸಾರ ಹೆಚ್ಚು ಕದಲಲಿಲ್ಲ. ಆ ಮಣ್ಣಿನ ತಡೆಯುವ ಶಕ್ತಿ ದೊಡ್ಡದು. ಅಲ್ಲಿ ಸುಣ್ಣದ ಪ್ರಶ್ನೆಯೇ ಏಳಲಿಲ್ಲ, ಕೊಟ್ಟಿಗೆ ಗೊಬ್ಬರ ಕೂಡಿಸಿದ ತುಂಡುಗಳು ಮಾತ್ರ ಮೇಲಾದವು. ಅದೇ ಬೆಳೆ, ಅದೇ ಬಗೆಯ ಗೊಬ್ಬರ. ಮಣ್ಣು ಬೇರೆಯಾದುದರಿಂದ ಫಲ ಬೇರೆ. ಎರಡು ಕಡೆಗೂ ಸಮಾನವಾಗಿ ಒಪ್ಪಿದ್ದು ಕೊಟ್ಟಿಗೆ ಗೊಬ್ಬರವೊಂದೇ.

ಈಚಿನ ದಶಕಗಳಲ್ಲಿ ಭಾಲ್ಕಿ, ಔರಾದಗಳಲ್ಲಿ ಸೋಯಾ ಅವರೆ ಮುಂಗಾರಿನ ಮುಖ್ಯ ಬೆಳೆಯಾಗಿರುವುದರಿಂದ ಈ ತುಲನೆ ನಮಗೆ ನೇರವಾಗಿ ಸಂಬಂಧಿಸಿದ್ದು. ಔರಾದದ ಎರೆಯನ್ನು ಜಬಲ್ಪುರದ ಪಕ್ಕದಲ್ಲಿಟ್ಟು ನೋಡುವುದು ಯುಕ್ತ. ಬೀದರದ ಕೆಂಪು ಮಣ್ಣನ್ನು ರಾಂಚಿಯ ಪಕ್ಕದಲ್ಲಿಡುವಾಗ ಮಾತ್ರ ಎಚ್ಚರ ಬೇಕು. ರಾಂಚಿಯ ಮಳೆ ನಮ್ಮದಕ್ಕಿಂತ ಬಹಳ ಹೆಚ್ಚು. ಅಲ್ಲಿ ಬೇಗನೆ ಕಂಡ ದೋಷ ಇಲ್ಲಿ ನಿಧಾನವಾಗಿ ಕಾಣಬಹುದು. ನಿಧಾನವಾಗಿ ಬರುವ ದೋಷವನ್ನು ಗುರುತಿಸುವುದು ಕಷ್ಟ, ಅಷ್ಟೆ.

ಸುಣ್ಣ ಎಷ್ಟು ಹಾಕಬೇಕೆಂಬ ವಿಷಯದಲ್ಲಿಯೂ ಹೊರಗಿನ ಮಾದರಿಯೊಂದು ಬಹುಕಾಲ ಆಳಿತು. ತಂಪು ದೇಶಗಳಲ್ಲಿ ರಸಸಾರವನ್ನು ಏಳರ ಸಮೀಪಕ್ಕೆ, ಅಂದರೆ ತಟಸ್ಥ ಸ್ಥಿತಿಗೆ, ತರುವುದು ಗುರಿಯಾಗಿತ್ತು. ೧೯೭೦ರಲ್ಲಿ ಅಮೆರಿಕದ ಯುಜೀನ್ ಕ್ಯಾಂಪ್ರತ್ ಎಂಬ ವಿದ್ವಾಂಸರು, ತೊಳೆದುಹೋದ ಮಣ್ಣುಗಳಲ್ಲಿ ಬೇರಿಗೆ ಕೇಡು ಮಾಡುವ ಅಲ್ಯೂಮಿನಿಯಮ್ಮನ್ನು ಅಡಗಿಸುವಷ್ಟೇ ಸುಣ್ಣ ಸಾಕೆಂದು ಪ್ರತಿಪಾದಿಸಿದರು. ರಸಸಾರ ೫.೫ರ ಸುಮಾರಿಗೆ ಬಂದಾಗ ಆ ಕಾರ್ಯ ಬಹುಮಟ್ಟಿಗೆ ಮುಗಿದಿರುತ್ತದೆ. ಉಷ್ಣವಲಯದ ನೆಲಕ್ಕೆ ಅದರದೇ ಆದ ಅಳತೆಯಿರಬೇಕೆಂಬ ಈ ಮಾತು ವಿಜ್ಞಾನದೊಳಗಿನಿಂದಲೇ ಬಂದ ವಿಮರ್ಶೆಯೆಂಬುದು ಗಮನಾರ್ಹ.

೮

ಕೊನೆಯದಾಗಿ ನಮ್ಮ ಕಾಲದ ಎರಡು ದಾಖಲೆಗಳು. ಕರ್ನಾಟಕ ಸರ್ಕಾರವು ಹೈದರಾಬಾದಿನ ಸಮೀಪದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನ ಸಹಕಾರದಿಂದ ೨೦೦೯ರಲ್ಲಿ ಆರಂಭಿಸಿದ ಭೂಚೇತನ ಯೋಜನೆ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್‌ಗಳ ಕೊರತೆ ವ್ಯಾಪಕವಾಗಿದೆಯೆಂದು ತೋರಿಸಿ, ಜಿಪ್ಸಂ, ಸತುವಿನ ಸಲ್ಫೇಟ್ ಮತ್ತು ಬೋರಾಕ್ಸುಗಳನ್ನು ಶಿಫಾರಸು ಮಾಡಿತು. ಮೂರೇ ಪೋಷಕಾಂಶಗಳ ಲೆಕ್ಕದಿಂದ ಆಡಳಿತವನ್ನು ಬಿಡಿಸಿದುದು ಇದರ ದೊಡ್ಡ ಉಪಕಾರ. ಇಲ್ಲಿ ವಿದ್ಯಾರ್ಥಿಗಳು ಒಂದು ಭ್ರಮೆಗೆ ಎಡೆಗೊಡಬಾರದು. ಜಿಪ್ಸಮ್ಮಿನಲ್ಲಿಯೂ ಕ್ಯಾಲ್ಸಿಯಂ ಇದೆ, ಆದರೆ ಅದು ಸುಣ್ಣದ ಕೆಲಸವನ್ನು ಮಾಡುವುದಿಲ್ಲ. ಸುಣ್ಣ ಹುಳಿಯನ್ನು ಕಳೆಯುತ್ತದೆ. ಜಿಪ್ಸಂ ರಸಸಾರವನ್ನು ಏರಿಸುವುದಿಲ್ಲ, ಗಂಧಕವನ್ನು ಒದಗಿಸುತ್ತದೆ. ಎರೆಯ ಹೊಲಕ್ಕೆ ಜಿಪ್ಸಂ ಹಾಕಲು ಹೇಳಿದರೆಂದು ಸುಣ್ಣವೂ ಸಲ್ಲುತ್ತದೆಂದು ತಿಳಿಯುವುದು ತಪ್ಪು.

ಇನ್ನೊಂದು, ೨೦೧೫ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಣ್ಣು ಆರೋಗ್ಯ ಚೀಟಿ. ಹನ್ನೆರಡು ಅಂಶಗಳನ್ನು ಅದು ತಿಳಿಸುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಒಕ್ಕಲಿಗನ ಕೈಗೆ ಅವನ ಮಣ್ಣಿನ ದಾಖಲೆಯೊಂದು ತಲುಪಿದುದು ನಮ್ಮ ಕೃಷಿ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ರಸಸಾರವನ್ನು ಹೇಳಿರುವುದರಿಂದ ಸುಣ್ಣ ಬೇಕೋ ಬೇಡವೋ ಎಂಬುದಕ್ಕೆ ಮೊದಲ ಉತ್ತರ ಚೀಟಿಯಲ್ಲಿಯೇ ಇದೆ. ಆದರೂ ಎರಡು ಮಾತುಗಳನ್ನು ಹೇಳಬೇಕು. ಒಂದು, ಈ ಹನ್ನೆರಡರಲ್ಲಿ ಅಯಾನು ವಿನಿಮಯ ಸಾಮರ್ಥ್ಯವಿಲ್ಲ. ಜೇಡಿಯ ಪ್ರಮಾಣವೂ ಇಲ್ಲ. ಹಿಡಿಯುವ ಶಕ್ತಿಯ ಕಡೆಗೆ ಬೆರಳು ತೋರುವುದು ಸಾವಯವ ಇಂಗಾಲವೊಂದೇ. ಎರಡು, ಯೋಜನೆಯ ಆರಂಭದಲ್ಲಿ ನೀರಾವರಿ ನೆಲದಲ್ಲಿ ೨.೫ ಹೆಕ್ಟೇರಿಗೆ, ಮಳೆಯಾಶ್ರಿತ ನೆಲದಲ್ಲಿ ೧೦ ಹೆಕ್ಟೇರಿಗೆ ಒಂದರಂತೆ ಮಣ್ಣಿನ ಮಾದರಿಯನ್ನು ತೆಗೆಯುವ ಕ್ರಮವಿತ್ತು. ಬಯಲುಸೀಮೆಯ ಸಮನಾದ ಎರೆಯಲ್ಲಿ ಇದು ಸಾಕಾದೀತು. ದಿಬ್ಬದ ಕೆಂಪು ಇಳಿಜಾರಿನಲ್ಲಿ ಎರೆಗೆ ತಿರುಗುವ ಬೀದರದ ಅಂಚಿನಲ್ಲಿ ಹತ್ತು ಹೆಕ್ಟೇರಿನೊಳಗೆ ಎರಡೂ ಮಣ್ಣುಗಳು ಸೇರಿಬಿಡಬಹುದು. ಆಗ ಚೀಟಿಯಲ್ಲಿ ಬರೆದ ಅಂಕಿ ಕೆಂಪು ಹೊಲದವನಿಗೂ ಎರೆಯವನಿಗೂ ಪೂರ್ತಿಯಾಗಿ ಸಲ್ಲದು.

೯

ಹಾಗಾದರೆ ಈ ಸೀಮೆಯ ಒಕ್ಕಲುತನದಲ್ಲಿ ಹಿಡಿಯುವ ಶಕ್ತಿಯ ಅರಿವು ಇರಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಬಂಡಿಗಳಲ್ಲಿ ಹೇರಿ ಹೊಲಕ್ಕೆ ಹರಡುವುದು ದಕ್ಷಿಣ ದೇಶದ ಹಳೆಯ ಪದ್ಧತಿ. ಇದನ್ನು ಗೊಬ್ಬರವೆಂದು ಲೆಕ್ಕ ಹಾಕಿದರೆ ಅದರಲ್ಲಿರುವ ಸಾರಜನಕ ಅಲ್ಪ. ಅಷ್ಟು ಮಣ್ಣು ಹೊರುವ ಶ್ರಮಕ್ಕೆ ಅರ್ಥವಿಲ್ಲವೆಂದು ತೋರಬಹುದು. ಹಿಡಿಯುವ ಶಕ್ತಿಯ ದೃಷ್ಟಿಯಿಂದ ನೋಡಿದರೆ ಅರ್ಥ ಬೇರೆಯಾಗುತ್ತದೆ. ನಯವಾದ ಜೇಡಿಯನ್ನೂ ಸಾವಯವ ಅಂಶವನ್ನೂ ಕೆಂಪು ಹೊಲಕ್ಕೆ ಸೇರಿಸುವುದರಿಂದ ಅದರ ಕಣಜವೇ ಹಿಗ್ಗುತ್ತದೆ, ಮತ್ತು ಈ ಲಾಭ ಒಂದು ಮಳೆಗಾಲದಲ್ಲಿ ಕರಗಿಹೋಗುವಂಥದ್ದಲ್ಲ. ಅಂದಮಾತ್ರಕ್ಕೆ ಹಳೆಯದೆಲ್ಲವೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಕೆಲವು ಕೆರೆಗಳ ಹೂಳಿನಲ್ಲಿ ಲವಣ ಹೆಚ್ಚಾಗಿರಬಹುದು. ಪರೀಕ್ಷೆ ಅದಕ್ಕೂ ಬೇಕು. ಎರೆಯ ಹೊಲಕ್ಕೆ ಮತ್ತೆ ಎರೆಯನ್ನೇ ಹೊರುವುದರಲ್ಲಿ ಹೆಚ್ಚಿನ ಪ್ರಯೋಜನವೂ ಇಲ್ಲ. ಆದರೆ ಒಂದು ಪದ್ಧತಿಯನ್ನು ತಪ್ಪಾದ ಅಳತೆಯಿಂದ ಅಳೆದು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ವಿಮರ್ಶೆಯಾಗಲಾರದು.

೧೦

ಇದುವರೆಗಿನ ವಿಚಾರದಿಂದ ನಾವು ಕೆಲವು ನಿರ್ಣಯಗಳಿಗೆ ಬರಬಹುದು. ಬುಕಾನನ್ ಕಲ್ಲನ್ನು ಕಂಡು ಕೊಟ್ಟ ಹೆಸರಿನಿಂದ ಹೊಲದ ಹುಳಿಯನ್ನು ಊಹಿಸಬಾರದು. ವೋಲ್ಕರರ ವರದಿಯಿಂದ ಉಳಿದ ಕೊರತೆಯ ಲೆಕ್ಕವನ್ನು ವೇ ಅವರು ತೋರಿಸಿದ ವಿನಿಮಯದೊಡನೆ ಕೂಡಿಸಿ ಓದಬೇಕು. ಹೋವರ್ಡರ ಹ್ಯೂಮಸ್ಸಿನ ಸಿದ್ಧಾಂತ ಎರಡು ಮಣ್ಣುಗಳಿಗೂ ಒಪ್ಪುತ್ತದೆಯಾದರೂ, ಹುಳಿಯಾದ ಕೆಂಪು ನೆಲದಲ್ಲಿ ಸುಣ್ಣದ ಸ್ಥಾನವನ್ನು ಅದರಿಂದ ನಿರ್ಣಯಿಸಲಾಗದು. ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಕಿಗಳನ್ನು ಓದುವಾಗ ಅದರಲ್ಲಿಲ್ಲದ ಹದಿಮೂರನೆಯದನ್ನೂ ನೆನೆಯಬೇಕು.

ಆಚರಣೆಗೆ ಸಂಬಂಧಿಸಿ ಹೇಳುವುದಾದರೆ, ಬೀದರದ ಕೆಂಪು ಹೊಲದಲ್ಲಿ ಮೊದಲು ರಸಸಾರವನ್ನು ಪರೀಕ್ಷಿಸಿ, ಹುಳಿಯಿದ್ದಲ್ಲಿ ಮಾತ್ರ ಮಿತವಾಗಿ ಸುಣ್ಣ ಹಾಕಿ, ಸಾರಜನಕವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಟ್ಟು, ತಿಪ್ಪೆಯ ಗೊಬ್ಬರವನ್ನು ತಪ್ಪಿಸದಿರುವುದು ಯುಕ್ತ. ಭಾಲ್ಕಿ, ಔರಾದಗಳ ಎರೆಯಲ್ಲಿ ಸುಣ್ಣದ ಮಾತನ್ನೇ ಬಿಟ್ಟು, ಯೂರಿಯಾವನ್ನು ಮಣ್ಣಿನೊಳಗೆ ಸೇರಿಸುವುದು, ರಂಜಕವನ್ನು ಬೀಜದ ಸಾಲಿನ ಬಳಿ ಕೊಡುವುದು, ಸತುವಿನ ಕೊರತೆಯನ್ನು ಗಮನಿಸುವುದು ಮುಖ್ಯ. ಇವು ನನ್ನ ಶೋಧಗಳಲ್ಲ. ಮಣ್ಣು ವಿಜ್ಞಾನದವರು ಒಪ್ಪಿದ ಮಾತುಗಳು. ಅವು ಒಂದೇ ಜಿಲ್ಲೆಯ ಎರಡು ಕಡೆಗಳಲ್ಲಿ ಏಕೆ ಬೇರೆಯಾಗುತ್ತವೆಂಬುದನ್ನು ದಾಖಲೆಗಳ ಮೂಲಕ ತೋರಿಸುವುದಷ್ಟೇ ಇಲ್ಲಿಯ ಪ್ರಯತ್ನ.

ಕಾಲೇಜುಗಳಲ್ಲಿ ಪ್ರಾದೇಶಿಕ ಇತಿಹಾಸವನ್ನು ಕಲಿಸುವ ನಮಗೆ ಇದರಿಂದ ಒಂದು ಕೆಲಸ ಒದಗುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನ ಹೊಲಗಳ ಮಣ್ಣು ಚೀಟಿಗಳನ್ನು ಸಂಗ್ರಹಿಸಿ, ಯಾವ ಹೊಲ ದಿಬ್ಬದ್ದು, ಯಾವುದು ತಗ್ಗಿನದು, ಕೆರೆಯ ಹೂಳು ಯಾವುದಕ್ಕೆ ಬಿದ್ದಿತ್ತು, ಸುಣ್ಣವನ್ನು ಯಾರಾದರೂ ಹಾಕಿದ್ದರೇ ಎಂಬುದನ್ನು ಹಿರಿಯರಿಂದ ಕೇಳಿ ಅದರ ಪಕ್ಕದಲ್ಲಿ ಬರೆದಿಡಬಹುದು. ಅರಸರ ಕಾಲದ ಕಂದಾಯದ ಕಾಗದಗಳನ್ನು ನಾವು ಎಷ್ಟು ಎಚ್ಚರದಿಂದ ಕಾಪಾಡುತ್ತೇವೆಯೋ ಅಷ್ಟೇ ಎಚ್ಚರದಿಂದ ಈ ಚೀಟಿಗಳನ್ನೂ ಈಗಲೇ ಕಾಪಾಡತಕ್ಕದ್ದು. ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಬೀದರದ ಕೆಂಪು ನೆಲ ಎಷ್ಟನ್ನು ಉಳಿಸಿಕೊಂಡಿತು, ಎಷ್ಟನ್ನು ಕಳೆದುಕೊಂಡಿತು ಎಂದು ಬರೆಯಹೊರಟವರಿಗೆ ಬೇರೆ ಆಧಾರ ಸಿಗಲಾರದು.